ಮಗನ ಕಲಿಕಾ ನ್ಯೂನತೆ ಅಸೆಸ್‌ಮೆಂಟ್ ಸಾಲಿ ಮುಖಾಂತರ ಮಾಡಿಸಿದ್ದು: ಕಲಬುರಗಿದಾಗ ನನ್ನ ಅನುಭವ

ನಮ್ ಮಗ ಸರ್ಕಾರಿ ಸಾಲ್ಯಾಗ ಮೂರನೇತ್ತೆ ಅದಾನ್ರಿ. ಮಾತಿನ್ಯಾಗ ಭಾಳ ಚುರುಕು, ಕಿರಾಣಿ ಅಂಗಡಿಗಿ ಕಳ್ಸಿದ್ರ ಚಿಲ್ಲರ್ ಲೆಕ್ಕ ಬಾಯಾಗೇ ಹೇಳ್ತಾನ, ಆದ್ರ ಪುಸ್ತಕ ತೆರದ್ರ ಸಾಕು ಹೊಟ್ಟಿ ನೋಯ್ತದ ಅಂತಾನ. ಡಿಕ್ಟೇಷನ್ ಕೊಟ್ರ ಒತ್ತಕ್ಷರ ಒಂದೂ ಇರಂಗಿಲ್ಲ, ಅಕ್ಕ ಅಂದ್ರ ‘ಅಕ’, ಕಣ್ಣು ಅಂದ್ರ ‘ಕಣು’, ಮರ ಅಂದ್ರ ಒಮ್ಮೊಮ್ಮೆ ‘ರಮ’. ಒಂದೇ ಪೇಜಿನ್ಯಾಗ ಒಂದೇ ಶಬ್ದ ಮೂರ್ನಾಕು ಥರ ಬರ್ದಿರ್ತಾನ. ಮನ್ಯಾಗ ಹಿರಿಯರು ಟ್ಯೂಷನ್ ಹಚ್ಚು, ದೊಡ್ಡವ ಆದ್ರ ತಾನೇ ಸರಿ ಆಗ್ತಾನ ಅಂದ್ರು, ನನಗ ಒಪ್ಪಗಿ ಆಗ್ಲಿಲ್ಲ, ಯಾಕಂದ್ರ ಇದು ಓದ್ಲಾರದಕ್ಕ ಆಗೋ ತಪ್ಪಲ್ಲ, ಹುಡುಗ ರಾತ್ರಿ ತನಕ ಕುಂತು ಬರೀತಾನ.

ಮೊದಲ ಮಾಡಿದ್ದು ಹೆಡ್‌ಮಾಸ್ಟರಿಗಿ ಅರ್ಜಿ ಬರದಿದ್ದು. ಬಾಯಿಲೆ ಹೇಳಿದ್ದು ಟೀಚರ್ ಟ್ರಾನ್ಸ್‌ಫರ್ ಆದ್ರ ಅವರ ಜೋಡಿನೇ ಹೋಗ್ತದ. ಓದು ಬರಹದಾಗ ಹಿಂಗಿಂಗ ತೊಂದ್ರಿ ಅದ, ಬಿಆರ್‌ಸಿ (ಶಿಕ್ಷಣ ಇಲಾಖೆಯ ಬ್ಲಾಕ್ ಸಂಪನ್ಮೂಲ ಕೇಂದ್ರ) ಕಡಿಂದ ಮೌಲ್ಯಾಂಕನ ಮಾಡಸ್ರಿ ಅಂತ ನಾಕೇ ಸಾಲು, ತಾರೀಖು ಹಾಕಿ, ನೋಟ್‌ಬುಕ್ಕಿನ ಝೆರಾಕ್ಸ್ ಹಚ್ಚಿ ಕೊಟ್ಟೆ, ನನ್ ಕಾಪಿ ಮ್ಯಾಲ ಸೀಲು ಹಾಕಿಸ್ಕೊಂಡೆ. ಇದು ಯಾರೋ ಮಾಡೋ ಉಪಕಾರ ಅಲ್ರಿ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 16ನೇ ಸೆಕ್ಷನ್‌ದಾಗ ಕಲಿಕಾ ನ್ಯೂನತೆ, ಅಂದ್ರ ಬುದ್ಧಿ ಸರಿ ಇದ್ರೂ ಓದು, ಬರಹ, ಲೆಕ್ಕದಾಗ ಬರೋ ತೊಂದ್ರಿ, ಎಷ್ಟು ಜಲ್ದಿ ಆಗ್ತದ ಅಷ್ಟು ಜಲ್ದಿ ಗುರ್ತಿಸ್ಬೇಕು ಅಂತ ಅದ, ಮಾನ್ಯತೆ ಇರೋ ಪ್ರೈವೇಟ್ ಸಾಲಿಗೂ ಅದು ಲಾಗೂ ಆಗ್ತದ.

ಆಮ್ಯಾಲ ಬಿಆರ್‌ಸಿಯಿಂದ ಬಿಐಇಆರ್‌ಟಿ ಮೇಡಂ ಬಂದ್ರು, ಅಂದ್ರ ವಿಶೇಷ ಮಕ್ಕಳ ಸಲುವಾಗಿ ಇರೋ ಸಂಪನ್ಮೂಲ ಶಿಕ್ಷಕರು. ಮಗನ್ನ ಬಾಜೂಕ ಕುಂದ್ರಿಸ್ಕೊಂಡು ಓದಿಸಿದ್ರು, ಆಮ್ಯಾಲ ಅದೇ ಪಾಠ ತಾವು ಓದಿ ಪ್ರಶ್ನೆ ಕೇಳಿದ್ರು. ಓದು ಅಂದಾಗ ಒಂದೊಂದು ಅಕ್ಷರಕ್ಕ ಬೆರಳಿಟ್ಟು ತಡವರಿಸಿದವ, ಕೇಳಿದ ಪಾಠದ ಉತ್ತರ ಪಟಪಟ ಅಂತ ಹೇಳ್ದ. ಮೇಡಂ ಅದನ್ನ ಹಂಗೇ ಬರ್ಕೊಂಡ್ರು. ಆ ಒಂದು ಸಾಲು ಮುಂದ ಡಾಕ್ಟರ್ ಮುಂದ ಭಾಳ ಕೆಲ್ಸಕ್ಕ ಬಂತು, ಅದಕ್ಕ ಕ್ಲಾಸ್ ಟೀಚರ್ ಕಡಿಂದನೂ ‘ಓದಿನ್ಯಾಗ ಹಿಂದ’ ಅಂತ ಅಲ್ಲ, ಏನು ಬರ್ತದ ಏನು ಬರಂಗಿಲ್ಲ ಅಂತ ಬಿಡಿಸಿ ಬರ್ಸ್ಕೋರಿ.

ಆಮ್ಯಾಲ ತಾಲೂಕಿನ್ಯಾಗ ಇಂಥ ಮಕ್ಕಳ ತಪಾಸಣಾ ಶಿಬಿರಕ್ಕ ಹೋದ್ವಿ, ಅಲ್ಲಿ ಗದ್ದಲ ಭಾಳ. ಅಲ್ಲಿಂದ ಜಿಮ್ಸ್‌ಗೆ, ಅಂದ್ರ ಕಲಬುರಗಿ ಸರ್ಕಾರಿ ಮೆಡಿಕಲ್ ಕಾಲೇಜ್ ದವಾಖಾನಿಗಿ, ರೆಫರ್ ಮಾಡಿದ್ರು. ಮೊದಲ ಕಣ್ಣು, ಕಿವಿ ಟೆಸ್ಟ್ ಮಾಡಸ್ರಿ, ಇದನ್ನ ಯಾರೂ ಬಿಡಬ್ಯಾಡ್ರಿ, ಸರಿ ಕೇಳಿಸ್ಲಾರದ ಕೂಸೂ ಹಿಂಗೇ ಬರೀತದ. ಆಮ್ಯಾಲ ಐಕ್ಯೂ, ಆಮ್ಯಾಲ ಓದು, ಬರಹ, ಗಣಿತದ್ದು ಬ್ಯಾರೆ ಟೆಸ್ಟ್. ಈ ಓದು ಬರಹದ ಟೆಸ್ಟ್‌ಗಳ ಗುಂಪಿಗಿ ನಿಮ್ಹಾನ್ಸ್ ಬ್ಯಾಟರಿ ಅಂತಾರ. ಐಕ್ಯೂ ಟೆಸ್ಟ್ ಅಂದ ಕೂಡ್ಲೆ ನಮ್ ಮನೆಯವರು ಹೆದರಿದ್ರು, ಹುಡುಗಗ ದಡ್ಡ ಅಂತ ಬರೀತಾರೇನೋ ಅಂತ. ಉಲ್ಟಾ ಅದ, ಬುದ್ಧಿ ಸರಿ ಅದ, ತೊಂದ್ರಿ ಓದಿನ್ಯಾಗ ಅಷ್ಟೇ ಅಂತ ತೋರ್ಸ್ಲಾಕ ಅದು ಬೇಕು. ಟೆಸ್ಟ್ ಇರೋ ದಿನ ಹುಡುಗಗ ಹೊಟ್ಟಿತುಂಬ ಉಣಿಸಿ ಕರ್ಕೊಂಡು ಹೋಗ್ರಿ, ತಾಸುಗಟ್ಲೆ ಹಿಡೀತದ. ಪರೀಕ್ಷೆ ಅಂತ ಹೇಳ್ಬ್ಯಾಡ್ರಿ, ಹಂಗ ಅಂದ್ರ ಬಾಯಿನೇ ಬಿಚ್ಚಂಗಿಲ್ಲ.

ಅಂಗವಿಕಲತೆ ಸರ್ಟಿಫಿಕೇಟಿಗಿ ಯುಡಿಐಡಿ (ಅಂಗವಿಕಲರ ಗುರ್ತಿನ ಚೀಟಿ) ಅರ್ಜಿ ಸ್ವಾವಲಂಬನ್ ಪೋರ್ಟಲ್‌ದಾಗ ಹಾಕ್ಬೇಕು. ಆಧಾರ್‌ದಾಗಿನ ಹೆಸರು, ಸಾಲಿ ದಾಖಲಾತಿ ಹೆಸರು ಒಂದೇ ಅದ ಇಲ್ಲೋ ಮೊದ್ಲೇ ನೋಡ್ಕೋರಿ.

ರಿಪೋರ್ಟ್ ಬಂದ ಮ್ಯಾಲ ಅದನ್ನ ಕಪಾಟಿನ್ಯಾಗ ಇಡ್ಲಿಲ್ಲ, ಕ್ಲಾಸ್ ಟೀಚರ್ ಜೋಡಿ ಕುಂತು ಮಾತಾಡ್ದೆ. ಈಗ ಅವನ್ನ ಮುಂದಿನ ಸಾಲಿನ್ಯಾಗ ಕುಂದ್ರಿಸ್ತಾರ, ಅರ್ಧ ಉತ್ತರ ಬಾಯಿಲೆ ಕೇಳ್ತಾರ, ಎಲ್ಲಾರ ಮುಂದ ಜೋರಾಗಿ ಓದ್ಸಂಗಿಲ್ಲ. ಎಸ್ಸೆಸ್ಸೆಲ್ಸಿಗಿ ಹೆಚ್ಚಿನ ಟೈಮು, ಸ್ಕ್ರೈಬ್ (ಉತ್ತರ ಬರ್ದು ಕೊಡೋರು) ಬೇಕಾದ್ರ ಸರ್ಟಿಫಿಕೇಟ್ ತೋರಿಸ್ಬೇಕು, ಅದಕ್ಕ ಒರಿಜಿನಲ್ ನಮ್ ಕಡಿ ಇಟ್ಕೊಂಡು ಸಾಲಿಗಿ ಝೆರಾಕ್ಸ್ ಅಷ್ಟೇ ಕೊಟ್ಟೀನಿ.