ಬಣ್ಣ ಎಲ್ಲಿಗೆ ಓಡುತ್ತೆ? ‘ರನ್’ ಪದವನ್ನು ಕಲಿಯುವುದು ಹೀಗೆ

ತಂಗಿಯ ಮಗಳು ಏಳನೇ ಕ್ಲಾಸು. ಮೊನ್ನೆ ಹೊಸ ಕೆಂಪು ಚೂಡಿದಾರದ ಕತ್ತಿನ ಹಿಂದೆ ಹೊಲಿದಿದ್ದ ಚೀಟಿ ಓದುತ್ತಾ ಕೂತಿದ್ದಳು. ‘ಕಲರ್ಸ್ ಮೇ ರನ್’ ಅಂತ ಇತ್ತು. ‘ದೊಡ್ಡಮ್ಮಾ, ಬಣ್ಣ ಎಲ್ಲಿಗೆ ಓಡುತ್ತೆ?’ ಅಂದಳು. ನಾನು ಏನೂ ಹೇಳದೆ ಒಂದು ಮಗ್ ನೀರು ತಂದು ವೇಲ್‌ನ ತುದಿ ಅದ್ದಿದೆ. ಎರಡು ನಿಮಿಷಕ್ಕೆ ನೀರೆಲ್ಲಾ ಕುಂಕುಮ ಕದಡಿದ ಹಾಗಾಯಿತು. ‘ಅಯ್ಯೋ, ಬಣ್ಣ ಬಿಡ್ತಾ ಇದೆ!’ ಹೂಂ, ಅದೇ ರನ್.

ಮಕ್ಕಳಿಗೆ ನಾವು ‘ರನ್ ಅಂದ್ರೆ ಓಡು’ ಅಂತ ಕಲಿಸಿ ಅಲ್ಲಿಗೇ ಬಿಟ್ಟುಬಿಡುತ್ತೇವೆ. ಆದರೆ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನವರು 2011ರ ಹೊತ್ತಿಗೆ ಈ ಪದವನ್ನು ಹೊಸದಾಗಿ ಪರಿಷ್ಕರಿಸಿದಾಗ ಬರೀ ಕ್ರಿಯಾಪದಕ್ಕೇ 645 ಅರ್ಥ ಸಿಕ್ಕಿದವು. ಪೀಟರ್ ಗಿಲಿವರ್ ಅನ್ನುವ ನಿಘಂಟುಕಾರರು ಇದೊಂದೇ ಪದದ ಮುಂದೆ ಒಂಬತ್ತು ತಿಂಗಳು ಕೂತಿದ್ದರು. ಅಷ್ಟನ್ನೂ ಬಾಯಿಪಾಠ ಮಾಡಕ್ಕಾಗಲ್ಲ, ಮಾಡಲೂಬಾರದು. ಬೇರೆ ದಾರಿ ಇದೆ.

ಮೊದಲು ‘ಓಡು’ ಪಕ್ಕದಲ್ಲಿ ‘ಹರಿ’ ಅಂತ ಬರೆದುಕೊಳ್ಳಿ. ನನ್ನ ಪ್ರಕಾರ ಅರ್ಧ ಕೆಲಸ ಇಲ್ಲೇ ಮುಗಿಯುತ್ತೆ. ರನ್‌ಗೆ ಜರ್ಮನ್ ಭಾಷೆಯಲ್ಲಿ ‘ರಿನ್ನನ್’ ಅಂತ ಒಂದು ಸೋದರ ಪದ ಇದೆ, ಅದರ ಅರ್ಥವೂ ಹರಿ, ಸೋರು ಅಂತಲೇ. ನಮ್ಮ ಹಳಗನ್ನಡದ ‘ಪರಿ’ಗೂ ಓಡು, ಹರಿ ಎರಡೂ ಅರ್ಥ ಇದ್ದವು, ಅದೇ ಇವತ್ತಿನ ‘ಹರಿ’. ಈಗ ನೋಡಿ: ನದಿ ಹರಿಯುತ್ತೆ, ಹಾವು ಹರಿಯುತ್ತೆ, ಪೇಪರಿನಲ್ಲಿ ‘ಲಾರಿ ಹರಿದು ಸಾವು’ ಅಂತ ಬರುತ್ತಲ್ಲ, ಅದು ನೇರವಾಗಿ ‘ರನ್ ಓವರ್’. (ಬಟ್ಟೆ ಹರಿಯೋದು ಮಾತ್ರ ಬೇರೆ. ಹಳೇ ಕಾಲದಲ್ಲಿ ಅದನ್ನು ಬೇರೆಯೇ ‘ಱ’ ಹಾಕಿ ಬರೆಯುತ್ತಿದ್ದರು.)

ಆಮೇಲೆ, ರನ್ ಆಗ್ತಿರೋದು ಯಾರು ಅಥವಾ ಯಾವುದು ಅಂತ ನೋಡಿ. ಮನುಷ್ಯ ಆದರೆ ಓಡುತ್ತಾನೆ. ನಲ್ಲಿ ಆದರೆ ನೀರು ಬರ್ತಾ ಇದೆ ಅಂತ, ಮೂಗಾದರೆ ಸುರೀತಾ ಇದೆ ಅಂತ, ಮಿಕ್ಸಿ ಆದರೆ ತಿರುಗ್ತಾ ಇದೆ ಅಂತ. ಸಿನಿಮಾ ಮಾತ್ರ ಎರಡೂ ಭಾಷೆಯಲ್ಲಿ ಓಡುತ್ತೆ, ನೂರು ದಿನ ಓಡಿತು ಅಂತೀವಲ್ವಾ.

ಮೂರನೇದು ಸ್ವಲ್ಪ ಸೂಕ್ಷ್ಮ, ಇಲ್ಲಿ ನಿಧಾನ ಮಾಡಿ. ‘ದಿ ಬಸ್ ರನ್ಸ್’ ಅಂದರೆ ಬಸ್ಸು ಓಡುತ್ತೆ. ‘ದೇ ರನ್ ಎ ಬಸ್’ ಅಂದರೆ ಅವರು ಬಸ್ಸು ಓಡಿಸುತ್ತಾರೆ. ಕನ್ನಡದಲ್ಲಿ ನಾವು ‘ಇಸು’ ಸೇರಿಸಿ ಓಡು-ಓಡಿಸು, ನಡೆ-ನಡೆಸು ಅಂತ ಪದವನ್ನೇ ಬದಲಿಸುತ್ತೇವೆ, ಆದರೆ ಇಂಗ್ಲಿಷಿನ ರನ್ ಎರಡು ಕಡೆಯೂ ಹಾಗೇ ಇರುತ್ತೆ. ಅದಕ್ಕೇ ಮಕ್ಕಳು ಎಡವೋದು. ‘ಶಿ ರನ್ಸ್ ಎ ಮೆಸ್’ ಅಂತ ಬಂದಾಗ ರನ್ ಆದ ಮೇಲೆ ಏನಿದೆ ಅಂತ ಕೇಳಿಸಿ. ‘ಮೆಸ್’ ಇದೆ. ಹಾಗಾದರೆ ಕನ್ನಡದಲ್ಲಿ ‘ಇಸು’ ಬೇಕು: ಮೆಸ್ ನಡೆಸುತ್ತಾರೆ. ನಾಲ್ಕೈದು ವಾಕ್ಯ ಹೀಗೆ ಮಾಡಿಸಿದರೆ ಸಾಕು, ಆಮೇಲೆ ತಾವೇ ಹಿಡಿದುಬಿಡುತ್ತಾರೆ.

ಕೊನೆಗೆ, ಬಾಲದಂತೆ ಬರುವ ಸಣ್ಣ ಪದ. ರನ್ ಔಟ್ ಅಂದರೆ ನಮಗೆ ತಕ್ಷಣ ಕ್ರಿಕೆಟ್ಟೇ ನೆನಪಾಗೋದು. ಆದರೆ ಅದರ ಮುಂದೆ ‘ಆಫ್ ಶುಗರ್’ ಅಂತ ಇದ್ದರೆ ಡಬ್ಬಿಯಲ್ಲಿ ಸಕ್ಕರೆ ಖಾಲಿ ಅಂತ. ರನ್ ಇನ್‌ಟು ಅಂದಾಗ ಮುಂದೆ ಟೀಚರ್ ಇದ್ದರೆ ದಾರಿಯಲ್ಲಿ ಅಚಾನಕ್ಕಾಗಿ ಸಿಕ್ಕರು ಅಂತ, ಮರ ಇದ್ದರೆ ಗಾಡಿ ಹೋಗಿ ಗುದ್ದಿತು ಅಂತ. ರನ್ ಅವೇ ಅಂದರೆ ಓಡಿಹೋಗು, ಇದಕ್ಕೆ ವಿವರಣೆಯೇ ಬೇಡ.

ದೇಶ ಬದಲಾದರೆ ಪದವೂ ಬದಲಾಗುತ್ತೆ ಅನ್ನೋದನ್ನೂ ಹೇಳಿಕೊಡಿ. ಅಮೆರಿಕದಲ್ಲಿ ಚುನಾವಣೆಗೆ ‘ರನ್’ ಮಾಡುತ್ತಾರೆ, ಬ್ರಿಟನ್ನಿನಲ್ಲಿ ‘ಸ್ಟ್ಯಾಂಡ್’ ಮಾಡುತ್ತಾರೆ. ನಾವೂ ಚುನಾವಣೆಗೆ ನಿಲ್ಲೋದೇ.

ಇದಕ್ಕೊಂದು ಇನ್ನೂರು ಪೇಜಿನ ನೋಟ್‌ಬುಕ್ ಇಟ್ಟುಬಿಡಿ. ಪದ-ಅರ್ಥ ಅಂತ ಗೀಟು ಹಾಕಿ ಎರಡು ಸಾಲು ಮಾಡಬೇಡಿ, ಓದುವಾಗ ಸಿಕ್ಕ ಇಡೀ ವಾಕ್ಯ ಬರೆಸಿ, ಕೆಳಗೆ ಮನೆಯಲ್ಲಿ ಅದನ್ನೇ ಹೇಗೆ ಹೇಳ್ತೀವೋ ಹಾಗೇ ಕನ್ನಡದಲ್ಲಿ ಬರೆಸಿ. ನಮ್ಮ ಹುಡುಗಿಯ ಮೊದಲ ಪುಟದಲ್ಲಿ ಆ ಚೂಡಿದಾರದ ಚೀಟಿಯನ್ನೇ ಕತ್ತರಿಸಿ ಅಂಟಿಸಿದ್ದಾಳೆ. ಕೆಳಗೆ ದುಂಡಗೆ ಬರೆದಿದ್ದಾಳೆ: ‘ಬಣ್ಣ ಬಿಡಬಹುದು, ಬೇರೆ ಬಕೆಟ್‌ನಲ್ಲಿ ನೆನೆಸಿ.’