ಏಣೆಲು ಕೊಯ್ದ ಗದ್ದೆಯಲ್ಲಿ ವೆಡ್ಜ್ ಅಳೆದದ್ದು

ಮೊನ್ನೆ ಮಂಗಳೂರಿನ ಪಿಲಿಕುಳದ ಗಾಲ್ಫ್ ಮೈದಾನದಲ್ಲಿ ಪಿನ್‌ಗೆ (ಗುಳಿಯ ಬಾವುಟದ ಕೋಲಿಗೆ) 57 ಯಾರ್ಡ್ ಇರುವಾಗ ನಾನು ಕಿಸೆಯಿಂದ ಚೀಟಿ ತೆಗೆದು ನೋಡಿದೆ. ನಮ್ಮ ನಾಲ್ವರಲ್ಲಿ ಯಾವತ್ತೂ ಮಾತಿಗೆ ಮುಂದಿರುವ ಡಾಕ್ಟ್ರು, "ಎಂತದು, ಇನ್ನೂ ಲೆಡ್ಜರ್ ಬಿಡ್ಲಿಲ್ವಾ?" ಅಂದರು. ಮೂವತ್ತಮೂರು ವರ್ಷ ಬ್ಯಾಂಕಿನಲ್ಲಿದ್ದವನಿಗೆ ಈ ಚುಚ್ಚು ಮಾಮೂಲಿ. ವೆಡ್ಜ್ ಎಂದರೆ ಬಾಲನ್ನು ಎತ್ತಿ ಗಿಡ್ಡ ದೂರಕ್ಕೆ ಹೊಡೆಯುವ, ಮುಖ ಓರೆಯಾದ ಗಾಲ್ಫ್ ಕೋಲು. ಚೀಟಿಯಲ್ಲಿ 56 ಡಿಗ್ರಿ ಓರೆಯದ್ದಕ್ಕೆ ಒಂಬತ್ತು ಗಂಟೆ, ಅಂದರೆ ಗಡಿಯಾರದ ಮುಳ್ಳಿನ ಹಾಗೆ ಕೈ ಹಿಂದೆ ಒಂಬತ್ತರವರೆಗೆ ಹೋದರೆ, 52 ಯಾರ್ಡ್ ಕ್ಯಾರಿ (ನೆಲ ಮುಟ್ಟುವ ಮೊದಲು ಹಾರುವ ದೂರ). ಹೊಡೆದೆ. ಬಾಲ್ ಬಿತ್ತು, ಒಂದು ಹಾರು ಹಾರಿತು, ನಾಲ್ಕು ಹೆಜ್ಜೆ ಉರುಳಿ ಗುಳಿಯಿಂದ ಕೊಡೆಯುದ್ದದಲ್ಲಿ ನಿಂತಿತು. ಡಾಕ್ಟ್ರು ನನ್ನನ್ನು ಪಟ್ (ಗುಳಿಗೆ ಉರುಳಿಸುವ ಹೊಡೆತ) ಹೊಡೆಯಲೂ ಬಿಡದೆ "ತೆಗೀರಿ, ತೆಗೀರಿ" ಅಂದರು, ಬಾಲ್ ಗುಳಿಗೆ ಬಿದ್ದ ಹಾಗೇ ಲೆಕ್ಕ.

ಎರಡು ವರ್ಷ ಇದೇ ಮನುಷ್ಯ ನನಗೆ ಹೇಳುತ್ತಿದ್ದದ್ದು ಬೇರೆ. "ವೆಡ್ಜ್ ಅಂದ್ರೆ ಕೈಯ ಅಂದಾಜು ಮಾರಾಯ್ರೆ, ಸಾರಿಗೆ ಉಪ್ಪು ಹಾಕಿದ ಹಾಗೆ. ತಕ್ಕಡಿ ಹಿಡ್ಕೊಂಡು ಯಾರು ಉಪ್ಪು ಹಾಕ್ತಾರೆ?" ಉಳಿದಿಬ್ಬರೂ ತಲೆಯಾಡಿಸುತ್ತಿದ್ದರು. ಅವರದ್ದು ಸುಳ್ಳಲ್ಲ. ಹತ್ತು ವರ್ಷದ ಪ್ರಾಯದಲ್ಲಿ ಆಡಲು ಶುರು ಮಾಡಿದವನಿಗೆ ಅಂದಾಜು ಕೈಗೆ ಬರುತ್ತದೆ. ನಾನು ಮೊದಲ ಕ್ಲಬ್ (ಗಾಲ್ಫ್ ಕೋಲು) ಹಿಡಿದದ್ದು ನಲವತ್ತೊಂಬತ್ತರಲ್ಲಿ. ಹಾಗಾಗಿ ಯಾವ ವೆಡ್ಜ್ ಎಷ್ಟು ದೂರ ಹೋಗುತ್ತದೆ ಅಂತ ಅಳೆಯಲು ಹೊರಟೆ.

ಮೊದಲು ಕಳಕೊಂಡ ದುಡ್ಡಿನ ಲೆಕ್ಕ ಹೇಳಿಬಿಡುತ್ತೇನೆ. ಹೊಸ ವೆಡ್ಜ್ ಎರಡು, ತಲಾ 15,000ದ ಆಚೀಚೆ. ಬೆಂಗಳೂರಿನಲ್ಲಿ ಸಿಮ್ಯುಲೇಟರ್ (ಒಳಾಂಗಣದಲ್ಲಿ ಹೊಡೆದರೆ ಪರದೆಯಲ್ಲಿ ದೂರ ತೋರಿಸುವ ಯಂತ್ರ) ಮೂರು ಸಲ, ಗಂಟೆಗೆ ಸುಮಾರು 1,800, ಮೇಲೆ ರಾತ್ರಿ ಬಸ್ಸಿನ ಖರ್ಚು. ಒಳ್ಳೆಯ ಬಾಲ್ ಒಂದು ಡಜನ್, ಅದು 5,000 ದಾಟಿತು. ಅದರಲ್ಲಿ ಎಷ್ಟು ಉಳಿದಿವೆ ಅಂತ ಕೇಳಬೇಡಿ. ಎಲ್ಲ ಸೇರಿ ಐವತ್ತು ಸಾವಿರಕ್ಕೆ ಕಡಿಮೆ ಇಲ್ಲ. ಕೊನೆಗೆ ಕೆಲಸ ಮಾಡಿದ ವಿಧಾನಕ್ಕೆ ತಗಲಿದ್ದು ಎರಡೂವರೆ ಸಾವಿರ. ಅದರಲ್ಲೂ ಅರ್ಧ ಐಸ್‌ಕ್ರೀಮಿಗೆ ಹೋಯಿತು. ಅದು ಆಮೇಲೆ.

ಸಿಮ್ಯುಲೇಟರ್ ಕೊಟ್ಟ ಅಂಕಿ ಹಿಡಿದುಕೊಂಡು ಊರಿಗೆ ಬಂದು ಆಡಿದರೆ ಪ್ರತಿ ಹೊಡೆತವೂ ಐದಾರು ಯಾರ್ಡ್ ಗಿಡ್ಡ. ನಮ್ಮಲ್ಲೊಬ್ಬರು ತಕ್ಷಣ ತೀರ್ಪು ಕೊಟ್ಟರು: ಇಲ್ಲಿಯ ಸೆಕೆಗೆ ಗಾಳಿ ಭಾರ. ಅದು ತಪ್ಪು. ತೇವದ ಗಾಳಿ ಒಣ ಗಾಳಿಗಿಂತ ಸ್ವಲ್ಪ ಹಗುರವೇ. ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರ್ ಮೇಲಿದೆ, ಅಲ್ಲಿ ಗಾಳಿ ತೆಳು, ಬಾಲ್ ಸ್ವಲ್ಪ ದೂರ ಹೋಗುತ್ತದೆ. ಆದರೆ ಐವತ್ತು ಯಾರ್ಡಿನ ಹೊಡೆತಕ್ಕೆ ಅದರಿಂದ ಐದು ಯಾರ್ಡ್ ಬದಲಾಗುವುದಿಲ್ಲ. ನಿಜವಾದ ಕಳ್ಳ ಸಿಮ್ಯುಲೇಟರಿನ ಮ್ಯಾಟ್. ಮ್ಯಾಟಿನ ಮೇಲೆ ಬಾಲಿಗಿಂತ ಒಂದು ಇಂಚು ಹಿಂದೆ ಬಡಿದರೂ ಕ್ಲಬ್ ಜಾರಿ ಬಾಲನ್ನು ಚಂದ ಮಾಡಿ ಎತ್ತುತ್ತದೆ, ಪರದೆಯಲ್ಲಿ ಒಳ್ಳೆಯ ಅಂಕಿ ಬರುತ್ತದೆ. ಹುಲ್ಲಿನಲ್ಲಿ ಅದೇ ಹೊಡೆತ ಫ್ಯಾಟ್, ಕ್ಲಬ್ ಮೊದಲು ನೆಲಕ್ಕೆ ಹೂತು ಬಾಲ್ ಗಿಡ್ಡ. ನಾನು ಮೂರು ಸಲ ದುಡ್ಡು ಕೊಟ್ಟು ಫ್ಯಾಟ್ ಹೊಡೆಯುವುದನ್ನು ಅಭ್ಯಾಸ ಮಾಡಿದ್ದೆ.

ಆಮೇಲೆ ಮನೆಯ ಅಂಗಳದಲ್ಲಿ ಬಲೆ ಕಟ್ಟಿದೆ. ದಕ್ಕೆಯಿಂದ (ಮೀನು ದೋಣಿಗಳ ಬಂದರಿನಿಂದ) ತಂದ ಹಳೆಯ ಮೀನಿನ ಬಲೆ, ಹೆಚ್ಚು ಕಡಿಮೆ ಪುಕ್ಕಟೆ. ತೊಳೆದು ಒಣಗಿಸಿದರೂ ವಾಸನೆ ಹೋಗದೆ ಒಂದು ತಿಂಗಳು ಬೀದಿಯ ಬೆಕ್ಕುಗಳೆಲ್ಲ ನನ್ನ ಸ್ವಿಂಗ್ ನೋಡಲು ಕೂತವು. ಬಲೆಗೆ ಹೊಡೆದರೆ ಬಾಲ್ ಎಷ್ಟು ದೂರ ಹೋಗುತ್ತಿತ್ತು ಎಂದು ಗೊತ್ತಾಗುವುದಿಲ್ಲವಲ್ಲ, ಹಾಗಾಗಿ ಒಂದು ದಿನ ಬಲೆ ಸರಿಸಿ ತೆಂಗಿನ ಬುಡಕ್ಕೆ ಗುರಿ ಇಟ್ಟೆ. ಥಿನ್ ಆಯಿತು, ಅಂದರೆ ಕ್ಲಬ್ಬಿನ ಅಂಚು ಬಾಲಿನ ನಡುವಿಗೆ ಬಡಿಯಿತು. ಪಕ್ಕದ ಶೆಟ್ರ ಕೊಟ್ಟಿಗೆಯ ಮಾಡಿನಿಂದ ಸದ್ದು ಬಂತು. ಶೆಟ್ರು ಲುಂಗಿ ಮೇಲೆತ್ತಿಕೊಂಡು ಬಂದು, "ಮಂಗ ಹಾರಿ ಹಂಚು ಒಡೆದದ್ದು ಅಂತ ಗ್ರಹಿಸಿದ್ದೆ ಮಾರಾಯ್ರೆ. ನೋಡಿದ್ರೆ ನೀವು!" ಅಂದರು. ಹಳೆಯ ಮಂಗಳೂರು ಹಂಚು, ಅದೇ ಅಳತೆಯದ್ದು ಸಿಗಲು ಎರಡು ವಾರ ಅಲೆದೆ. ಮಾಡಿಗೆ ಹತ್ತುವವನ ಕೂಲಿ ಬೇರೆ.

ನಡುವೆ ಒಂದು ಮೂರ್ಖತನ ಮಾಡಿದೆ, ಬರೆಯದಿದ್ದರೆ ಮೋಸವಾಗುತ್ತದೆ. ಅಮೆರಿಕದ ಗಾಲ್ಫ್ ಆಟಗಾರ ಜೀನ್ ಸರಾಜನ್ ತನ್ನ ಕ್ಲಬ್ಬಿನ ಅಡಿಗೆ ಸೀಸ ಬೆಸೆದು ಸ್ಯಾಂಡ್ ವೆಡ್ಜ್ ರೂಪಿಸಿ 1932ರ ಬ್ರಿಟಿಷ್ ಓಪನ್ ಗೆದ್ದ ಕಥೆ ಇದೆ. ಅವನು ಸೇರಿಸಿದ್ದನ್ನು ನಾನು ತೆಗೆಯುತ್ತೇನೆ ಅಂತ ಹೊರಟೆ. ಕಾರಣ ಇತ್ತು. ಏಪ್ರಿಲ್‌ನಲ್ಲಿ ನಮ್ಮ ಮುರಕಲ್ಲಿನ ನೆಲ ಸಿಮೆಂಟಿನ ಹಾಗೆ. ನನ್ನ 56ರ ಬೌನ್ಸ್ (ನೆಲಕ್ಕೆ ತಾಗುವ ಅಡಿಯ ಉಬ್ಬು) 14 ಡಿಗ್ರಿ, ನೆಲಕ್ಕೆ ಬಡಿದು ಪುಟಿದು ಬಾಲಿನ ಹೊಟ್ಟೆಗೇ ಹೊಡೆಯುತ್ತಿತ್ತು. ಬೈಕಂಪಾಡಿಯಲ್ಲಿ ಪರಿಚಯದವರ ವರ್ಕ್‌ಶಾಪಿಗೆ ಒಯ್ದು ಹಿಮ್ಮಡಿಯ ಕಡೆ ಗ್ರೈಂಡ್ ಮಾಡಿಸಿದೆ. ನಾನೇ ಪಕ್ಕದಲ್ಲಿ ನಿಂತು "ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ" ಅಂದದ್ದು, ಅವರ ತಪ್ಪಿಲ್ಲ. ಮೇ ತಿಂಗಳು ಪೂರ್ತಿ ಬೆಣ್ಣೆಯ ಹಾಗೆ ಹೋಯಿತು. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಅದೇ ವೆಡ್ಜ್ ಪಿಕ್ಕಾಸು ಆಯಿತು, ಹೊಡೆದಲ್ಲೆಲ್ಲ ಹೂತುಕೊಂಡಿತು. ಈಗ ನನ್ನಲ್ಲಿ 56 ಎರಡಿವೆ, ಬೇಸಿಗೆಗೆ ಮಸೆದದ್ದು, ಮಳೆಗಾಲಕ್ಕೆ ಸೆಕೆಂಡ್‌ಹ್ಯಾಂಡ್ ತಂದ ದಪ್ಪ ಅಡಿಯದ್ದು. ಹದಿನಾಲ್ಕು ಕ್ಲಬ್ಬಿನ ಮಿತಿಯಲ್ಲಿ ಎರಡನ್ನೂ ಚೀಲದಲ್ಲಿಟ್ಟುಕೊಳ್ಳುವಷ್ಟು ಧಾರಾಳತನ ನನಗಿಲ್ಲ, ಒಂದು ಮನೆಯಲ್ಲಿ ಮಲಗುತ್ತದೆ.

ದಾರಿ ಸಿಕ್ಕಿದ್ದು ಊರಿನಲ್ಲಿ, ಮೂಡುಬಿದಿರೆಯ ಆಚೆ ಅಣ್ಣನ ಮನೆಯಲ್ಲಿ. ದೀಪಾವಳಿಗೆ ಹೋಗಿದ್ದೆ. ಏಣೆಲು, ಅಂದರೆ ಮಳೆಗಾಲದ ಭತ್ತದ ಬೆಳೆ, ಕೊಯ್ದಾಗಿತ್ತು. ನೆಲ ಆರಿರಲಿಲ್ಲ, ಆದರೆ ಕಾಲು ಹೂಳುವಷ್ಟು ಕೆಸರೂ ಇರಲಿಲ್ಲ. ಬೇಜಾರಿಗೆ ಅಗಲದ ಕಟ್ಟಪುಣಿಯ (ಗದ್ದೆಯ ಬದುವಿನ) ಹುಲ್ಲಿನ ಮೇಲೆ ನಿಂತು ಒಂದು ಬಾಲ್ ಹೊಡೆದೆ. ಹುಡುಕಲು ಹೋದರೆ ಬಾಲ್ ಬಿದ್ದಲ್ಲೇ ಕೂಳೆಯ ನಡುವೆ ಲಿಂಬೆಹಣ್ಣಿನಷ್ಟು ಗುಂಡಿ ಮಾಡಿಕೊಂಡು ಕೂತಿತ್ತು. ಉರುಳಿರಲೇ ಇಲ್ಲ. ಆಗ ಹೊಳೆಯಿತು. ಇಷ್ಟು ವರ್ಷ ನಾನು ನೋಡುತ್ತಿದ್ದದ್ದು ಬಾಲ್ ನಿಂತ ಜಾಗ. ಕ್ಯಾರಿ ಮತ್ತು ಉರುಳಿದ್ದು ಎರಡನ್ನೂ ಕಲಸಿ ಒಂದೇ ಅಂಕಿ ಮಾಡಿಕೊಂಡಿದ್ದೆ. ಅಸಲು ಬಡ್ಡಿ ಒಂದೇ ಕಾಲಮ್ಮಿನಲ್ಲಿ ಬರೆದ ಹಾಗೆ. ಗದ್ದೆ ಅಸಲನ್ನು ಮಾತ್ರ ತೋರಿಸುತ್ತದೆ.

ಮರುದಿನವೇ ತೆಂಗಿನ ಹಗ್ಗಕ್ಕೆ ಹತ್ತು ಯಾರ್ಡಿಗೊಂದು ಗಂಟು ಹಾಕಿ ಬೈಲಿನ ಉದ್ದಕ್ಕೆ ಎಳೆದೆ, ಪ್ರತಿ ಗಂಟಿಗೂ ಒಂದು ಅಡಿಕೆ ಹಾಳೆ. ಅಣ್ಣನ ಮಗ ಗುಂಡಿಗೆಲ್ಲ ಕೋಲು ಊರಿ ಕೂಗುವುದು, ನಾನು ಬರೆಯುವುದು. ಅವನ ಸಂಬಳ ದಿನಕ್ಕೊಂದು ಗಡ್‌ಬಡ್ ಐಸ್‌ಕ್ರೀಮ್. ಒಂದು ವೆಡ್ಜ್, ಒಂದು ಉದ್ದದ ಬ್ಯಾಕ್‌ಸ್ವಿಂಗ್, ಇಪ್ಪತ್ತು ಬಾಲ್. ಏಳೂವರೆ ಗಂಟೆ, ಒಂಬತ್ತು ಗಂಟೆ, ಪೂರ್ತಿ. ಮೊದಲೇ ಹೇಳಿದ ಗಡಿಯಾರದ ಲೆಕ್ಕ. ತೀರಾ ಕೆಟ್ಟ ಮೂರನ್ನು ಬಿಟ್ಟು, ಉಳಿದವುಗಳಲ್ಲಿ ಸರಾಸರಿ ತೆಗೆಯದೆ ನಡುವೆ ಗುಂಪಾಗಿ ಬಿದ್ದದ್ದನ್ನು ಬರೆದೆ. ಸರಾಸರಿ ಯಾವತ್ತೂ ಸಾಲಗಾರನ ಪರ. ನಾಲ್ಕನೇ ದಿನದ ಹೊತ್ತಿಗೆ ಕೊಕ್ಕರೆಗಳು ಹಾಳೆಯ ಸಾಲು ಬಿಟ್ಟು ದೂರ ನಿಲ್ಲಲು ಕಲಿತವು. ಅದನ್ನು ನಾನು ಪ್ರಗತಿ ಅಂತ ತೆಗೆದುಕೊಂಡೆ.

ಆದರೆ ಮೊದಲ ವಾರದ ಅಂಕಿಗಳು ಹುಚ್ಚುಹುಚ್ಚಾಗಿದ್ದವು. 56ರಲ್ಲಿ ಒಂಬತ್ತು ಗಂಟೆಗೆ ಒಂದು 44, ಒಂದು 58. ಕೈ ಹೋದ ಎತ್ತರ ಒಂದೇ. ಹುಡುಗ ಮೊಬೈಲಿನಲ್ಲಿ ಹಿಡಿದದ್ದನ್ನು ರಾತ್ರಿ ನೋಡಿದಾಗ ಗೊತ್ತಾಯಿತು, ಹತ್ತಿರದ ಹಾಳೆ ಕಂಡಾಗ ಕೆಳಗಿಳಿಯುವ ಕೈ ಬಾಲಿನ ಹತ್ತಿರ ಬಂದು ಹೆದರಿ ನಿಧಾನವಾಗುತ್ತಿತ್ತು. ಕೆಲವು ಸಲ ಅದಕ್ಕೆ ಪ್ರಾಯಶ್ಚಿತ್ತ ಎಂಬಂತೆ ಮಣಿಕಟ್ಟು ಹಾರಿಸುತ್ತಿದ್ದೆ. ಉದ್ದ ಅಳೆದರೆ ಸಾಲದು, ಲಯ ಒಂದೇ ಇರಬೇಕು.

ಮೆಟ್ರೊನೋಮ್ ಆ್ಯಪ್ ಹಾಕಿ ನೋಡಿದೆ. ಅದರ ಟಿಕ್ ಟಿಕ್ ಕೇಳಿದರೆ ನನಗೆ ದಂತವೈದ್ಯರ ಕುರ್ಚಿ ನೆನಪಾಗುತ್ತದೆ. ಅದೇ ವಾರ ಊರಿನಲ್ಲಿ ಯಕ್ಷಗಾನ ಇತ್ತು, ಬೆಳಗಿನ ಜಾವದವರೆಗೆ ಚೆಂಡೆ ಕೇಳಿ ಬಂದವನು ನಿದ್ದೆಗಣ್ಣಲ್ಲೇ ಗದ್ದೆಗಿಳಿದೆ. ಬಾಯಲ್ಲಿ "ತ-ಕಿ-ಟ" ನಡೆಯುತ್ತಿತ್ತು. ಹಿಂದೆ ಹೋಗುವಾಗ ಮೂರು ಅಕ್ಷರ, ಮುಂದಿನ "ತ" ಬಾಲಿನ ಮೇಲೆ. ಇಪ್ಪತ್ತರಲ್ಲಿ ಹದಿನಾಲ್ಕೋ ಹದಿನೈದೋ ನಾಲ್ಕು ಯಾರ್ಡಿನ ಒಳಗೆ ಬಿದ್ದವು. ಹುಡುಗ ಕೋಲು ಊರಲು ನಡೆಯಬೇಕಾಗಿಯೇ ಬರಲಿಲ್ಲ, ನಿಂತಲ್ಲಿಂದಲೇ ಊರಿದ. ಪೂರ್ತಿ ಸ್ವಿಂಗಿಗೂ ಏಳೂವರೆಗೂ ಅದೇ ನಡೆ. ಸ್ವಿಂಗ್ ಗಿಡ್ಡವಾದರೆ ಕೈ ತಾನಾಗಿ ನಿಧಾನ, ನಾವು ಮಾಡಬೇಕಾದ್ದೇನೂ ಇಲ್ಲ.

ಚೀಟಿಯಲ್ಲಿರುವುದು ಇಷ್ಟು, ನೆನಪಿನಿಂದ ಬರೆಯುತ್ತಿದ್ದೇನೆ. ಕ್ರಮವಾಗಿ ಏಳೂವರೆ, ಒಂಬತ್ತು, ಪೂರ್ತಿ, ಎಲ್ಲ ಕ್ಯಾರಿಯ ಯಾರ್ಡ್. ಪಿಚಿಂಗ್ ವೆಡ್ಜ್ 45: 58, 78, 102. ಹೊಸದಾಗಿ ಸೇರಿಸಿದ 50: 50, 68, 90. 56: 38, 52, 74. ಗ್ರಿಪ್ಪಿನಲ್ಲಿ ಒಂದು ಇಂಚು ಕೆಳಗೆ ಹಿಡಿದರೆ ಸುಮಾರು ನಾಲ್ಕು ಕಳೆಯಿರಿ. ನಿಮ್ಮ ಅಂಕಿ ಬೇರೆ ಇರುತ್ತದೆ, ನನ್ನದನ್ನು ನಕಲು ಹೊಡೆದು ಬಂಕರಿಗೆ (ಮರಳಿನ ಗುಂಡಿಗೆ) ಬಿದ್ದರೆ ಬಯ್ಯಬೇಡಿ. 50ರ ಏಳೂವರೆ ಮತ್ತು 56ರ ಒಂಬತ್ತು ಹೆಚ್ಚು ಕಡಿಮೆ ಒಂದೇ ದೂರ ಬರುವುದು ಕಂಡು ಮೊದಲು ಒಂದು ದಂಡ ಅಂದುಕೊಂಡಿದ್ದೆ. ಈಗ ಅದೇ ನನ್ನ ಅತಿ ಬೆಲೆಬಾಳುವ ಜೋಡಿ. ಮಧ್ಯಾಹ್ನದ ಮೇಲೆ ಪಡುವಣ ಗಾಳಿ ಎದುರಾದರೆ ಮೊದಲನೆಯದು, ತಗ್ಗಿನಲ್ಲಿ ಹೋಗುತ್ತದೆ, ಬಿದ್ದು ಉರುಳುತ್ತದೆ. ಗಾಳಿ ಇಲ್ಲದ ಬೆಳಗ್ಗೆ, ಪಿನ್ ಬಂಕರಿನ ಹಿಂದೆ ಇದ್ದರೆ ಎರಡನೆಯದು. 60 ಡಿಗ್ರಿಯದ್ದನ್ನು ಮಾರಿದೆ. ಕೊಂಡವರು ಡಾಕ್ಟ್ರು.

ಮಳೆಗಾಲಕ್ಕೆ ಈ ಚೀಟಿ ಅರ್ಧ ಸುಳ್ಳು. ಒದ್ದೆ ಹುಲ್ಲಿನಲ್ಲಿ ಬಾಲಿಗೂ ಕ್ಲಬ್ಬಿನ ಮುಖಕ್ಕೂ ನಡುವೆ ನೀರು ಸೇರಿದರೆ ಸ್ಪಿನ್ ಹೋಗುತ್ತದೆ, ಬಾಲ್ ಎತ್ತರಕ್ಕೆ ಹೊರಟು ಮೆತ್ತಗೆ ಬಿದ್ದರೂ ಗ್ರೀನ್ (ಗುಳಿಯ ಸುತ್ತಲಿನ ನುಣ್ಣನೆಯ ಹುಲ್ಲು) ಸ್ವಲ್ಪ ಗಟ್ಟಿ ಇದ್ದರೆ ನಿಲ್ಲದೆ ಜಾರುತ್ತದೆ. ಒಂದು ಶನಿವಾರ ಬೇಕೆಂದೇ ಸ್ಪಂಜಿನಿಂದ ಬಾಲ್ ಒದ್ದೆ ಮಾಡಿ, ಆಮೇಲೆ ಒರೆಸಿ, ಹತ್ತತ್ತು ಹೊಡೆದು ನೋಡಿದೆ. ಒದ್ದೆಯದ್ದು ನಾಲ್ಕೈದು ಹೆಜ್ಜೆ ಹೆಚ್ಚು ಉರುಳಿತು. ಹಾಗೇ ಅಗ್ಗದ ಗಟ್ಟಿ ಬಾಲನ್ನೂ ದುಬಾರಿಯದ್ದನ್ನೂ ಹೋಲಿಸಿದೆ. ಗದ್ದೆಯಲ್ಲಿ ಎರಡರ ಗುಂಡಿಯೂ ಒಂದೇ ಕಡೆ, ಗ್ರೀನಿನಲ್ಲಿ ಮಾತ್ರ ಅಗ್ಗದ್ದು ಓಡುತ್ತದೆ. ಆದ್ದರಿಂದ ಅಭ್ಯಾಸಕ್ಕೆ 80 ರೂಪಾಯಿಯ ಹಳೆಯ ಬಾಲ್ ಸಾಕು.

ಎಡಗೈಯ ಕೊನೆಯ ಎರಡು ಬೆರಳಿನ ವಿಷಯ ಒಂದಿದೆ, 52ನ್ನು 52 ಮಾಡುವುದು ಅದೇ. ಅದನ್ನು ಇಲ್ಲಿ ಬರೆಯುವುದಿಲ್ಲ. ಪಿಲಿಕುಳಕ್ಕೆ ಬನ್ನಿ, ಒಂಬತ್ತು ಹೋಲ್ ಆಡಿದ ಮೇಲೆ ಚಹಾ ನಿಮ್ಮದಾದರೆ ತೋರಿಸುತ್ತೇನೆ. ಹ್ಯಾಂಡಿಕ್ಯಾಪ್ (ಕಡಿಮೆಯಾದಷ್ಟೂ ಆಟ ಒಳ್ಳೆಯದು) 19ರಿಂದ 14ಕ್ಕೆ ಇಳಿದಿದೆ, ಅತಿ ದೂರ ಹೊಡೆಯುವ ಕ್ಲಬ್ಬಾದ ಡ್ರೈವರಿನ ಹೊಡೆತ ಒಂದು ಯಾರ್ಡೂ ಉದ್ದವಾಗಿಲ್ಲ.

ಬಾಕಿ ಇರುವುದು ಮೂವತ್ತೆಂಟರ ಒಳಗಿನ ಲೆಕ್ಕ. ಅಲ್ಲಿ ಏಳೂವರೆ ಗಂಟೆಯೂ ದೊಡ್ಡದು, ಅದರ ಕೆಳಗೆ ಗಡಿಯಾರ ಹೇಳಿದ ಮಾತು ನನ್ನ ಕೈ ಕೇಳುವುದಿಲ್ಲ. ಈ ದೀಪಾವಳಿಗೆ ಅದನ್ನೇ ಹಿಡಿಯಬೇಕು ಅಂತಿದ್ದೆ. ಮೊನ್ನೆ ಅಣ್ಣ ಫೋನ್ ಮಾಡಿದ, ಈ ಸಲ ಕೊಯ್ಲು ಆದ ಕೂಡಲೇ ಬೈಲಿಗೆ ಉದ್ದು ಬಿತ್ತುತ್ತಾನಂತೆ. ಬಿತ್ತುವ ಮೊದಲು ನಾಲ್ಕು ದಿನ ಕೊಡು ಅಂತ ಕೇಳಿದ್ದೇನೆ. "ಎರಡು ದಿನ. ಗುಂಡಿ ಎಲ್ಲ ನೀನೇ ಮುಚ್ಚಿ ಹೋಗ್ಬೇಕು" ಅಂದಿದ್ದಾನೆ.