ಒತ್ತಕ್ಷರವನ್ನು ಮೊದಲೇ ಕಲಿಸಿದ ನನ್ನ ಅನುಭವ

ಮೂಲಾಕ್ಷರ, ಕಾಗುಣಿತ ಮುಗಿಯುವವರೆಗೆ ಒತ್ತಕ್ಷರದ ಗೊಡವೆಗೆ ಹೋಗಬಾರದೆಂಬುದು ನಮ್ಮಲ್ಲಿ ಬಹುಕಾಲದ ರೂಢಿ. ಕುಷ್ಟಗಿ ತಾಲ್ಲೂಕಿನ ಕಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ನಾನೂ ಎಂಟೊಂಬತ್ತು ವರ್ಷ ಹಾಗೆಯೇ ಕಲಿಸಿದೆ. ಈಗ ನಾಲ್ಕು ವರ್ಷಗಳಿಂದ ಒಂದನೆಯ ತರಗತಿಯಲ್ಲಿ, ಗಣೇಶ ಚೌತಿಯ ಹೊತ್ತಿಗೇ, ಒತ್ತನ್ನು ತರುತ್ತಿದ್ದೇನೆ. ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಭೆಯಲ್ಲಿ ಇದನ್ನು ಮೊದಲ ಸಲ ಹೇಳಿದಾಗ ಹಿರಿಯ ಸಹೋದ್ಯೋಗಿಯೊಬ್ಬರು, "ಬುನಾದಿ ಇಲ್ಲದ ಮಾಳಿಗಿ ಕಟ್ಟತೀರೇನ್ರಿ ಸರ?" ಎಂದು ಕೇಳಿದ್ದರು. ಹೋದ ವರ್ಷ ಅವರೇ ನಮ್ಮ ಶಾಲೆಗೆ ಬಂದು ಅರ್ಧ ದಿನ ಕುಳಿತು ನೋಡಿ ಹೋದರು. ಅದಕ್ಕಾಗಿಯೇ ಇದನ್ನು ಬರೆಯುವ ಧೈರ್ಯ ಬಂದಿದೆ.

ಸರ್ಕಾರಿ ಶಾಲೆಗಳ ಚಟುವಟಿಕೆ ಆಧಾರಿತ ಕಲಿಕೆಯ ಪದ್ಧತಿಯಾದ ನಲಿ-ಕಲಿಯಲ್ಲಿ ಮೊದಲು ಬರುವ ರ, ಗ, ಸ, ದ, ಅ ಕಲಿತ ಮಗು ಸರ, ಅರಸ, ಗರಗಸ ಎಂದು ಓದುತ್ತದೆ. ಅದನ್ನು ನಾನು ಬಿಟ್ಟಿಲ್ಲ. ಆದರೆ ಆ ಮಗು ಮನೆಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಆಡುವ ಮಾತುಗಳು ಅಪ್ಪ, ಅವ್ವ, ಅಕ್ಕ, ಅಣ್ಣ, ಅಜ್ಜ, ರೊಟ್ಟಿ, ಎತ್ತು, ಹತ್ತಿ. ಇವುಗಳಲ್ಲಿ ಒಂದೂ ಒತ್ತಿಲ್ಲದೆ ಬರೆಯಲು ಬರುವುದಿಲ್ಲ. ಹಾಜರಿ ಪುಸ್ತಕವನ್ನು ತೆರೆದರೂ ಅಷ್ಟೇ: ಯಲ್ಲಪ್ಪ, ಬಸವ್ವ, ಮಲ್ಲಮ್ಮ, ದುರಗಪ್ಪ. ತನ್ನ ಹೆಸರನ್ನು ಬರೆಯಲು ಮಗು ಎರಡು ವರ್ಷ ಕಾಯಬೇಕಾಗುವುದು ನನಗೆ ಸರಿಕಾಣಲಿಲ್ಲ.

ಮೊದಲ ವರ್ಷ ಸಂಪೂರ್ಣವಾಗಿ ಸೋತೆ. ಸುಮಾರು 1,800 ರೂಪಾಯಿ ಕೈಯಿಂದ ಹಾಕಿ ಪ್ಲಾಸ್ಟಿಕ್ ಅಕ್ಷರಗಳ ಪೆಟ್ಟಿಗೆ ತರಿಸಿದೆ. ಬಿಚ್ಚಿ ನೋಡಿದರೆ ಅದರಲ್ಲಿ ಒತ್ತುಗಳೇ ಇರಲಿಲ್ಲ. ಆಮೇಲೆ ಪಾಟಿಯ ಮೇಲೆ ಒತ್ತುಗಳನ್ನು ಹತ್ತತ್ತು ಸಲ ತಿದ್ದಿಸಿದೆ. ಕೈ ಕಲಿಯಿತು, ಕಣ್ಣು ಕಲಿಯಲಿಲ್ಲ. 'ಎತ್ತು' ಎಂದು ಅಂದವಾಗಿ ಬರೆದ ಹುಡುಗನೇ ಅದನ್ನು 'ಎತುತ' ಎಂದು ಓದುತ್ತಿದ್ದ. ತಿಂಗಳುಗಟ್ಟಲೆ ಅವನನ್ನೇ ತಿದ್ದುತ್ತಿದ್ದೆ. ತಪ್ಪು ಅವನದಲ್ಲವೆಂದು ತಡವಾಗಿ ಹೊಳೆಯಿತು. ಕೊಂಬು, ಅಂದರೆ ಉಕಾರದ ಗುರುತು, ಮೇಲಿನ ಅಕ್ಷರಕ್ಕೆ ಅಂಟಿಕೊಂಡಿರುತ್ತದೆ, ಅದರ ಧ್ವನಿ ಮಾತ್ರ ಕೆಳಗಿನ ಒತ್ತು ಮುಗಿದ ಮೇಲೆ ಬರುತ್ತದೆ; ಅವನು ಕಂಡದ್ದನ್ನು ಕಂಡ ಕ್ರಮದಲ್ಲೇ ಓದುತ್ತಿದ್ದನು.

ಅಲ್ಲಿಂದ ದಾರಿ ಸಿಕ್ಕಿತು. ಕುರ್ಚಿಯ ಮೇಲೆ ಒಬ್ಬ, ಅದರ ಕೆಳಗೆ ನೆಲದಲ್ಲಿ ಒಬ್ಬ, ಇಬ್ಬರ ಕೈಯಲ್ಲೂ 'ತ' ಬರೆದ ಪಾಟಿ. ಮೇಲಿನವನ ಪಾಟಿಗೆ ಕೊಂಬಿನ ಚೀಟಿಯನ್ನು ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಸಿಕ್ಕಿಸುತ್ತೇನೆ. ಮೇಲಿನವನು 'ತ್' ಎಂದು ಅರ್ಧಕ್ಕೇ ನಿಲ್ಲಿಸಿ ಕೊಂಬನ್ನು ಕೆಳಗಿನವನಿಗೆ ದಾಟಿಸಬೇಕು, ಕೆಳಗಿನವನು 'ತು' ಎನ್ನಬೇಕು. ನಾಲ್ಕೈದು ದಿನಗಳಲ್ಲಿ 'ಎತುತ' ಹೋಯಿತು. ಕ್ಲಿಪ್ಪುಗಳಿಗೆ ಅರವತ್ತು ರೂಪಾಯಿ ಆಗಿರಬಹುದು. ಚೀಟಿಗಳೆಲ್ಲ ಹಳೆಯ ಲಗ್ನಪತ್ರಿಕೆಗಳ ಬೆನ್ನು.

ಕ್ರಮ ಮುಖ್ಯ. ಪ್ಪ, ವ್ವ, ಕ್ಕ, ಣ್ಣ, ಜ್ಜ ಮೊದಲು ಬರಬೇಕು, ಏಕೆಂದರೆ ಅಲ್ಲಿ ಒತ್ತು ತನ್ನ ಮೂಲಾಕ್ಷರವನ್ನೇ ಹೋಲುತ್ತದೆ. ತ, ನ, ಮ, ಯ, ರ, ಲ ಈ ಆರರ ಒತ್ತುಗಳು ಮೂಲರೂಪಕ್ಕಿಂತ ಬೇರೆಯಾಗಿರುವುದರಿಂದ ಅವು ಒಂದೊಂದಾಗಿ, ವಾರಗಳ ಅಂತರದಲ್ಲಿ ಬರಬೇಕು. ತ ಮತ್ತು ನ ಒತ್ತುಗಳ ಗೊಂದಲವನ್ನು ತಪ್ಪಿಸಲು ನಾನು ಬೆರಳಿನಿಂದ ಮಾಡಿಸುವ ಉಪಾಯವೊಂದಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ತರಗತಿಗೆ ಬಂದವರಿಗೆ ತೋರಿಸುತ್ತೇನೆ. ಜೋಡಿ ಪದಗಳಂತೂ ಬಹಳ ಕೆಲಸ ಮಾಡಿದವು. ಮಗ ಮತ್ತು ಮಗ್ಗ, ಕತೆ ಮತ್ತು ಕತ್ತೆ ಎಂದು ಬರೆಸುತ್ತಿದ್ದಾಗ ನಾನೊಮ್ಮೆ ಬಸವ್ವಳ ಹೆಸರಿನಡಿಯ ಒತ್ತನ್ನು ಒರೆಸಿ 'ಬಸವ' ಮಾಡಿದೆ. ಆ ಹುಡುಗಿ ಎದ್ದು ಬಂದು ಸೀಮೆಸುಣ್ಣ ಕಸಿದುಕೊಂಡು ತನ್ನ ಒತ್ತನ್ನು ತಾನೇ ಬರೆದಳು. ನನ್ನ ವೃತ್ತಿಯಲ್ಲಿ ಅಷ್ಟು ಸಂತೋಷದ ದಿನಗಳು ಹೆಚ್ಚಿಲ್ಲ.

ನಡುವೆ ಬಸ್ಸಿನ ಬೋರ್ಡುಗಳನ್ನೂ ಪ್ರಯತ್ನಿಸಿದೆ. ಕೊಪ್ಪಳ, ಬಳ್ಳಾರಿ, ಕುಷ್ಟಗಿ ಬೇಗ ಬಂದವು. ಯಲಬುರ್ಗಾ ಮಾತ್ರ ಕಾಡಿತು. ಮೊದಲು ಕೇಳಿಸುವ ರಕಾರವನ್ನು ಅರ್ಕಾವೊತ್ತಾಗಿ ಕೊನೆಗೆ ಬರೆಯುವುದು ಮಕ್ಕಳಿಗೆ ಒಪ್ಪಿಗೆಯಾಗಲಿಲ್ಲ. ಅದನ್ನು ಎರಡನೆಯ ತರಗತಿಗೆ ತಳ್ಳಿದೆ. ಮನೆಯನ್ನು 'ಮನಿ', ತಲೆಯನ್ನು 'ತಲಿ' ಎಂದು ಬರೆದರೆ ದಸರೆಯವರೆಗೆ ತಿದ್ದುವುದಿಲ್ಲ. ಕೇಳಿದ್ದನ್ನು ಬರೆದ ಮಗುವಿಗೆ ಕೆಂಪು ಗೆರೆ ಹಾಕುವುದು ನನ್ನ ಮಟ್ಟಿಗೆ ಅನ್ಯಾಯ.

ಲಂಬಾಣಿ ತಾಂಡಾದ ಮಕ್ಕಳ ವಿಷಯದಲ್ಲಿ ನನ್ನ ಲೆಕ್ಕ ತಪ್ಪಿತು. ಅವರ ಮನೆಯಲ್ಲಿ ತಾಯಿ 'ಯಾಡಿ'. ಅಪ್ಪ, ಅವ್ವ ಅವರ ಮಾತುಗಳೇ ಅಲ್ಲ. ಅವರಿಂದಲೇ ಪದಗಳನ್ನು ಕೇಳಿ ಬೇರೆ ಚೀಟಿಗಳನ್ನು ಮಾಡಲು ಒಂದು ವರ್ಷ ಹಿಡಿಯಿತು.

ಮೊದಲು ಎರಡನೆಯ ತರಗತಿಯ ಕೊನೆಗೆ ಇಪ್ಪತ್ತನಾಲ್ಕು ಮಕ್ಕಳಲ್ಲಿ ಏಳೆಂಟು ಮಂದಿ ಒತ್ತಕ್ಷರದ ವಾಕ್ಯವನ್ನು ತಡವರಿಸದೆ ಓದುತ್ತಿದ್ದರು. ಈಗ ಹದಿನೇಳು, ಹದಿನೆಂಟು ಮಂದಿ ಓದುತ್ತಾರೆ. ಬರವಣಿಗೆ ಇನ್ನೂ ಹಿಂದಿದೆ. ದಸರೆಯ ನಂತರ ತಂದೆತಾಯಿಯರೊಂದಿಗೆ ಬೆಂಗಳೂರಿಗೆ ದುಡಿಯಲು ಹೋಗುವ ಮಕ್ಕಳಿಗೆ ಲಗ್ನಪತ್ರಿಕೆಯ ಚೀಟಿಗಳ ಕಟ್ಟೊಂದನ್ನು ಕೊಟ್ಟು ಕಳಿಸುತ್ತೇನೆ. ಈ ಯುಗಾದಿಗೆ ಐದು ಕಟ್ಟುಗಳಲ್ಲಿ ಮೂರು ಮರಳಿ ಬಂದವು; ಒಂದರಲ್ಲಿ ನಾನು ಬರೆಯದ ನಾಲ್ಕು ಹೊಸ ಚೀಟಿಗಳಿದ್ದವು, ಅವುಗಳಲ್ಲೊಂದು 'ಸಿಮಿಟ್ಟು'.